ಎರಡು ಪ್ರತಿಗಳು, ಎರಡು ಗಡಿಯಾರಗಳು

ಬೆಲೆಬಾಳುವ ಕಾಗದಪತ್ರಗಳಿಗೆ ಇನ್ನೊಂದು ಪ್ರತಿಯನ್ನು ಮಾಡಿಸಿ ಬೇರೊಂದೆಡೆ ಇಡುವುದು ನಮ್ಮ ಹಿರಿಯರ ಕಾಲದಿಂದಲೂ ನಡೆದುಬಂದ ವಾಡಿಕೆ. ಗೆದ್ದಲೋ ಬೆಂಕಿಯೋ ಮಳೆಯ ನೀರೋ ಒಂದನ್ನು ಹಾಳುಮಾಡಿದರೆ ಮತ್ತೊಂದಾದರೂ ಉಳಿದೀತೆಂಬುದು ಇದರ ಉದ್ದೇಶ. ಇಂದು ಆ ಕಾಗದಪತ್ರಗಳ ಬಹುಭಾಗ ಗಣಕಯಂತ್ರದ ಡಿಸ್ಕನ್ನು ಸೇರಿದೆ. ಮನೆಯ ಲೆಕ್ಕ, ಮಕ್ಕಳ ಭಾವಚಿತ್ರ, ನಿವೇಶನದ ಪತ್ರ, ಬರೆದು ಮುಗಿಯದ ಪುಸ್ತಕದ ಕರಡು ಇವೆಲ್ಲವೂ ಕಡತಗಳ ರೂಪದಲ್ಲಿ ಒಂದು ಡಿಸ್ಕಿನಲ್ಲಿಯೂ, ಒಡೆಯರು ಎಚ್ಚರವುಳ್ಳವರಾದರೆ ಎರಡನೆಯ ಡಿಸ್ಕಿನಲ್ಲಿಯೂ ಇರುವುವು. ಆದರೆ ಕಾಗದದ ನಕಲಿಗೂ ಡಿಸ್ಕಿನ ನಕಲಿಗೂ ಒಂದು ಮುಖ್ಯವಾದ ಭೇದವುಂಟು. ಕಾಗದದ ನಕಲು ಪೆಟ್ಟಿಗೆಯಲ್ಲಿ ಇಟ್ಟಂತೆಯೇ ಇರುವುದು. ಡಿಸ್ಕಿನ ನಕಲಾದರೋ ಮೂಲದಷ್ಟೇ ಸುಲಭವಾಗಿ ತಿದ್ದಲು ಬರುವಂಥದು. ತಿದ್ದಿದ ಗುರುತೂ ಮೇಲುನೋಟಕ್ಕೆ ಕಾಣದು. ಹೀಗಾಗಿ ಕೆಲವು ದಿನಗಳಲ್ಲಿಯೇ ಮೂಲ ಯಾವುದು, ನಕಲು ಯಾವುದು ಎಂಬ ವ್ಯತ್ಯಾಸ ಅಳಿಸಿಹೋಗಿ, ಒಂದಕ್ಕೊಂದು ಹೊಂದದ ಎರಡು ಪ್ರತಿಗಳು ಉಳಿಯುವುವು. ಇವುಗಳನ್ನು ಮತ್ತೆ ಒಂದುಗೂಡಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಉತ್ತರಹಳ್ಳಿಯಲ್ಲಿ ಒಂದು ನಿವಾಸಿಗಳ ಸಂಘವಿದೆಯೆಂದು ಕಲ್ಪಿಸಿಕೊಳ್ಳೋಣ. ಯಾವ ಮನೆಯವರು ಎಷ್ಟು ವಂತಿಗೆ ಕೊಟ್ಟರು, ಬೇಸಗೆಯಲ್ಲಿ ಟ್ಯಾಂಕರಿನ ನೀರು ಎಷ್ಟು ಸಲ ಬಂದಿತು, ಕಾವಲುಗಾರನ ಸಂಬಳ ಸಂದಿತೆ ಇಲ್ಲವೆ ಎಂಬ ಲೆಕ್ಕವೆಲ್ಲ ಒಂದೇ ಕಡತದಲ್ಲಿದೆ. ಆ ಕಡತದ ಒಂದು ಪ್ರತಿ ಕಾರ್ಯದರ್ಶಿಯವರ ಡಿಸ್ಕಿನಲ್ಲಿ, ಇನ್ನೊಂದು ಖಜಾಂಚಿಯವರ ಡಿಸ್ಕಿನಲ್ಲಿ. ಭಾನುವಾರಕ್ಕೊಮ್ಮೆ ಪೆನ್‌ಡ್ರೈವಿನ ಮೂಲಕ ಎರಡನ್ನೂ ಹೊಂದಿಸುವುದು ವಾಡಿಕೆ. ಒಂದು ಸೋಮವಾರ ಕಾರ್ಯದರ್ಶಿಯವರು ನಾಲ್ಕು ಮನೆಗಳ ವಂತಿಗೆಯನ್ನು ತಮ್ಮ ಪ್ರತಿಯಲ್ಲಿ ಜಮಾ ಬರೆದರು. ಮಂಗಳವಾರ ಖಜಾಂಚಿಯವರು ಎರಡು ಟ್ಯಾಂಕರುಗಳ ಖರ್ಚನ್ನು ತಮ್ಮ ಪ್ರತಿಯಲ್ಲಿ ಬರೆದರು. ಭಾನುವಾರ ಬಂದಾಗ ಹೊಂದಿಸುವ ಪ್ರೋಗ್ರಾಮು ಎರಡರ ಮೇಲಿನ ವೇಳೆಯನ್ನು ನೋಡಿ, ಮಂಗಳವಾರದ ಪ್ರತಿಯೇ ಹೊಸದೆಂದು ನಿರ್ಣಯಿಸಿ, ಅದನ್ನು ಸೋಮವಾರದ ಪ್ರತಿಯ ಮೇಲೆ ಬರೆದುಬಿಟ್ಟಿತು. ನಾಲ್ಕು ಮನೆಯವರು ಕೊಟ್ಟ ಹಣ ಲೆಕ್ಕದಿಂದ ಮಾಯವಾಯಿತು. ಇಲ್ಲಿ ಯಾರೂ ತಪ್ಪು ಮಾಡಲಿಲ್ಲ, ಯಂತ್ರವೂ ಕೆಡಲಿಲ್ಲ. ಆದರೂ ಮುಂದಿನ ತಿಂಗಳು ಹಣ ಕೊಟ್ಟವರಿಗೇ ಬಾಕಿಯ ಚೀಟಿ ಹೋಗುವುದು. ಅವರ ಬಳಿ ರಸೀತಿ ಇಲ್ಲದಿದ್ದರೆ ಜಗಳಕ್ಕೆ ಕೊನೆಯೇ ಇರದು. ಇಂಥ ಅನರ್ಥಕ್ಕೆ ಕಾರಣವೇನೆಂಬುದನ್ನು ಈಗ ವಿಚಾರಿಸೋಣ.

ಕಾಲಮುದ್ರೆಯೆಂದರೇನು?

ಡಿಸ್ಕಿನಲ್ಲಿ ಪ್ರತಿಯೊಂದು ಕಡತದ ಜೊತೆಯಲ್ಲಿಯೂ ಒಂದು ಸಣ್ಣ ವಿವರಪಟ್ಟಿ ಇರುವುದು. ಕಡತದ ಹೆಸರು, ಅದರ ಗಾತ್ರ, ಅದು ಕಡೆಯದಾಗಿ ತಿದ್ದುಪಡಿಯಾದ ದಿನ ಮತ್ತು ವೇಳೆ ಇವು ಅದರಲ್ಲಿ ದಾಖಲಾಗಿರುವುವು. ಈ ಕಡೆಯ ಅಂಶವನ್ನು ನಾವು ಕಾಲಮುದ್ರೆಯೆಂದು ಕರೆಯಬಹುದು. ಅಂಚೆಯ ಲಕೋಟೆಯ ಮೇಲೆ ಕಚೇರಿಯವರು ಒತ್ತುವ ಮುದ್ರೆಯನ್ನು ಇದು ಬಹಳಮಟ್ಟಿಗೆ ಹೋಲುವುದು. ಆ ಮುದ್ರೆ ಲಕೋಟೆ ಕಚೇರಿಗೆ ಬಂದ ದಿನವನ್ನು ತಿಳಿಸುವುದೇ ಹೊರತು, ಒಳಗಿನ ಪತ್ರ ಎಂದು ಬರೆದದ್ದು, ಅದರಲ್ಲಿ ಬರೆದುದು ನಿಜವೆ ಎಂಬುದನ್ನು ತಿಳಿಸದು. ಕಾಲಮುದ್ರೆಯೂ ಹಾಗೆಯೇ. ಕಡತವನ್ನು ತೆರೆದು ಒಂದಕ್ಷರವನ್ನೂ ಬದಲಿಸದೆ ಮತ್ತೆ ಉಳಿಸಿದರೂ ಹೊಸ ಮುದ್ರೆ ಬೀಳಬಹುದು. ನಕಲು ಮಾಡುವ ವಿಧಾನಗಳಲ್ಲಿಯೂ ಭೇದವುಂಟು: ಕೆಲವು ಮೂಲದ ಮುದ್ರೆಯನ್ನೇ ಉಳಿಸುವುವು, ಮತ್ತೆ ಕೆಲವು ನಕಲಾದ ವೇಳೆಯನ್ನೇ ಹೊಸದಾಗಿ ಒತ್ತುವುವು. ಎರಡನೆಯ ವಿಧಾನದಲ್ಲಿ ಹತ್ತು ವರ್ಷದ ಹಳೆಯ ಕಡತವೂ ಇಂದಿನದಾಗಿ ಕಾಣಿಸಿಕೊಳ್ಳುವುದು.

ಹೀಗಿದ್ದರೂ ಹೊಂದಿಸುವ ಪ್ರೋಗ್ರಾಮುಗಳು ಕಾಲಮುದ್ರೆಯನ್ನೇ ಏಕೆ ನೋಡುವುವು? ಅದು ಅತ್ಯಂತ ಅಗ್ಗದ ಸಾಕ್ಷಿ. ಒಂದು ಲಕ್ಷ ಕಡತಗಳನ್ನು ಆದ್ಯಂತವಾಗಿ ಓದಿ ಹೋಲಿಸಲು ಗಂಟೆಗಳೇ ಬೇಕಾಗಬಹುದು. ಅವುಗಳ ವಿವರಪಟ್ಟಿಗಳನ್ನು ಮಾತ್ರ ನೋಡಲು ಕೆಲವು ಕ್ಷಣಗಳು ಸಾಕು. ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಎಂಬವರು ೧೯೯೬ರಲ್ಲಿ ಹೊರತಂದ ಆರ್‌ಸಿಂಕ್ ಎಂಬ ಪ್ರಸಿದ್ಧ ಪ್ರೋಗ್ರಾಮು ಸಹ, ಬೇರೆ ಆಜ್ಞೆಯಿಲ್ಲದಿದ್ದರೆ, ಗಾತ್ರವೂ ಕಾಲಮುದ್ರೆಯೂ ಒಂದೇ ಆಗಿರುವ ಕಡತಗಳನ್ನು ಸಮವೆಂದು ಭಾವಿಸಿ ಮುಂದೆ ಹೋಗುವುದು. ಸಾಕ್ಷಿ ಅಗ್ಗವಾದುದೆಂಬ ಕಾರಣದಿಂದ ಅದು ನಿಷ್ಪ್ರಯೋಜಕವೇನಲ್ಲ. ಆದರೆ ಅದು ಎಲ್ಲೆಲ್ಲಿ ತಪ್ಪುವುದೆಂಬುದನ್ನು ತಿಳಿದಿರಬೇಕು.

ಗಡಿಯಾರದ ದೋಷಗಳು

ಕಾಲಮುದ್ರೆಯನ್ನು ಒತ್ತುವುದು ಆಯಾ ಗಣಕಯಂತ್ರದ ಗಡಿಯಾರ. ಇದರ ಹೃದಯದಲ್ಲಿರುವುದು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವ ಒಂದು ಬೆಣಚುಕಲ್ಲಿನ ಹರಳು. ಈ ಸಂಖ್ಯೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು: ಇದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುವುದು, ಆ ಒಂದೇ ಒಂದು ಸೆಕೆಂಡು. ಸಾಮಾನ್ಯ ಹರಳು ಹತ್ತು ಲಕ್ಷ ಕಂಪನಗಳಲ್ಲಿ ಇಪ್ಪತ್ತರಷ್ಟು ತಪ್ಪುವುದು ಸಹಜ. ಇದು ಅತ್ಯಲ್ಪವೆಂದು ತೋರಬಹುದು. ಲೆಕ್ಕಹಾಕಿದರೆ ದಿನಕ್ಕೆ ೧.೭ ಸೆಕೆಂಡು, ತಿಂಗಳಿಗೆ ಸುಮಾರು ೫೦ ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷಕ್ಕೂ ಮೀರಿದ ವ್ಯತ್ಯಾಸ ಬರುವುದು. ಹೊರಗಿನ ಯಾವ ಗಡಿಯಾರದೊಡನೆಯೂ ಸರಿನೋಡದೆ ಒಂದು ವರ್ಷ ಬಿಟ್ಟ ಎರಡು ಯಂತ್ರಗಳಲ್ಲಿ ಒಂದು ಮುಂದಕ್ಕೂ ಮತ್ತೊಂದು ಹಿಂದಕ್ಕೂ ಹೋದರೆ, ಅವುಗಳ ನಡುವೆ ಇಪ್ಪತ್ತು ನಿಮಿಷಗಳ ಅಂತರ ಏರ್ಪಡುವುದು.

ಯಂತ್ರವನ್ನು ಆರಿಸಿದಾಗಲೂ ಈ ಗಡಿಯಾರ ನಡೆಯುವಂತೆ ಮಾಡುವುದು ರೂಪಾಯಿಯ ನಾಣ್ಯದಂತಿರುವ ಒಂದು ಸಣ್ಣ ಬ್ಯಾಟರಿ. ಕೆಲವು ವರ್ಷಗಳ ಮೇಲೆ ಅದರ ಶಕ್ತಿ ಮುಗಿದಾಗ ಗಡಿಯಾರ ತಯಾರಕರು ಗೊತ್ತುಮಾಡಿದ ಯಾವುದೋ ಹಳೆಯ ತಾರೀಖಿಗೆ ಜಾರುವುದು. ಆ ಸ್ಥಿತಿಯಲ್ಲಿ ಇಂದು ಬರೆದ ಲೆಕ್ಕಕ್ಕೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಮುದ್ರೆ ಬೀಳುವುದು. ‘ಹೊಸದೇ ಗೆಲ್ಲಲಿ’ ಎಂಬ ನಿಯಮವನ್ನು ಅನುಸರಿಸುವ ಪ್ರೋಗ್ರಾಮು ಅದನ್ನು ಹಳೆಯದೆಂದು ತಳ್ಳಿಬಿಡುವುದು.

ಎರಡು ಸೆಕೆಂಡಿನ ವ್ಯತ್ಯಾಸ

ಗಡಿಯಾರಗಳು ಸರಿಯಾಗಿದ್ದರೂ ವೇಳೆಯನ್ನು ಬರೆದಿಡುವ ಕ್ರಮ ಎಲ್ಲ ಡಿಸ್ಕುಗಳಲ್ಲಿಯೂ ಒಂದೇ ಅಲ್ಲ. ಪೆನ್‌ಡ್ರೈವುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಫ್ಯಾಟ್ ಎಂಬ ಹಳೆಯ ಕ್ರಮದಲ್ಲಿ ವೇಳೆಗೆ ಮೀಸಲಾಗಿರುವುದು ಹದಿನಾರು ಬಿಟ್‌ಗಳು ಮಾತ್ರ. ಬಿಟ್ ಎಂದರೆ ಸೊನ್ನೆ ಅಥವಾ ಒಂದನ್ನು ಹಿಡಿಯುವ ಒಂದು ಸ್ಥಾನ. ಗಂಟೆಗೆ ಐದು, ನಿಮಿಷಕ್ಕೆ ಆರು ಸ್ಥಾನಗಳನ್ನು ಕೊಟ್ಟಮೇಲೆ ಸೆಕೆಂಡಿಗೆ ಉಳಿಯುವುವು ಐದೇ. ಐದು ಸ್ಥಾನಗಳಲ್ಲಿ ಮೂವತ್ತೆರಡು ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದೇ ಹೊರತು ಅರವತ್ತನ್ನಲ್ಲ. ಆದಕಾರಣ ಇದನ್ನು ರಚಿಸಿದವರು ಸೆಕೆಂಡುಗಳನ್ನು ಎರಡೆರಡಾಗಿ ಎಣಿಸಿದರು. ೧೦ ಗಂಟೆ ೧೫ ನಿಮಿಷ ೭ ಸೆಕೆಂಡಿಗೆ ಉಳಿಸಿದ ಕಡತ ಪೆನ್‌ಡ್ರೈವಿಗೆ ಹೋದಾಗ ೬ ಸೆಕೆಂಡೆಂದೋ ೮ ಸೆಕೆಂಡೆಂದೋ ದಾಖಲಾಗುವುದು. ೭ ಎಂದು ಬರೆಯಲು ಅಲ್ಲಿ ಸ್ಥಳವೇ ಇಲ್ಲ. ಇದೇ ಕ್ರಮದಲ್ಲಿ ವರ್ಷಗಳ ಎಣಿಕೆ ೧೯೮೦ರಿಂದ ಮೊದಲಾಗಿ ೨೧೦೭ಕ್ಕೆ ಮುಗಿಯುವುದು.

ವಿಂಡೋಸ್ ಯಂತ್ರಗಳ ಎನ್‌ಟಿಎಫ್‌ಎಸ್ ಕ್ರಮವಾದರೋ ೧೬೦೧ನೆಯ ಇಸವಿಯ ಜನವರಿ ೧ರಿಂದ ಮೊದಲುಮಾಡಿ, ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಭಾಗವನ್ನು ಮಾನವಾಗಿಟ್ಟುಕೊಂಡು ಎಣಿಸುವುದು. ಯುನಿಕ್ಸ್ ಮತ್ತು ಅದರ ಸಂತತಿಯಾದ ಲಿನಕ್ಸ್ ೧೯೭೦ರ ಜನವರಿ ೧ರಿಂದ ಎಣಿಸುವುವು. ಒಬ್ಬರು ಶಾಲಿವಾಹನ ಶಕೆಯಲ್ಲಿ, ಇನ್ನೊಬ್ಬರು ಕ್ರಿಸ್ತಶಕದಲ್ಲಿ ಲೆಕ್ಕವಿಟ್ಟಂತೆ ಇದು. ಪರಿವರ್ತನೆ ಸಾಧ್ಯ, ಆದರೆ ಸೂಕ್ಷ್ಮವಾದ ಮಾನದಿಂದ ಸ್ಥೂಲವಾದ ಮಾನಕ್ಕೆ ಬರುವಾಗ ಚೂರುಪಾರು ಕಳೆದುಹೋಗುವುದು. ಇದರ ಪರಿಣಾಮವಾಗಿ, ಪೆನ್‌ಡ್ರೈವಿಗೆ ನಕಲು ಮಾಡಿದ ಕಡತಗಳಲ್ಲಿ ಒಂದನ್ನೂ ಮುಟ್ಟದಿದ್ದರೂ ಮರುದಿನ ಸಾವಿರಾರು ಕಡತಗಳು ಬೇರೆಯಾಗಿವೆಯೆಂದು ಪ್ರೋಗ್ರಾಮು ಘೋಷಿಸಬಹುದು. ಇದಕ್ಕೆ ಪರಿಹಾರ ಸುಲಭ. ಎರಡು ಸೆಕೆಂಡಿನೊಳಗಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಪ್ರೋಗ್ರಾಮಿಗೆ ಆಜ್ಞೆ ಕೊಡಬೇಕು. ಆರ್‌ಸಿಂಕ್‌ನಲ್ಲಿಯೂ, ವಿಂಡೋಸ್ ಜೊತೆಗೆ ಬರುವ ರೋಬೋಕಾಪಿಯಲ್ಲಿಯೂ ಈ ಸೌಲಭ್ಯವುಂಟು.

ಐದೂವರೆ ಗಂಟೆಯ ವ್ಯತ್ಯಾಸ

ಇದಕ್ಕಿಂತ ದೊಡ್ಡ ವ್ಯತ್ಯಾಸ ಊರಿಂದೂರಿಗೆ ವೇಳೆ ಬೇರೆಯಾಗುವುದರಿಂದ ಬರುವುದು. ಭಾರತದ ಪ್ರಮಾಣವೇಳೆಯನ್ನು ೮೨.೫ ಡಿಗ್ರಿ ಪೂರ್ವ ರೇಖಾಂಶಕ್ಕೆ ಅನುಗುಣವಾಗಿ ಗೊತ್ತುಮಾಡಿ ೧೯೦೬ರ ಜನವರಿ ೧ರಂದು ಜಾರಿಗೆ ತಂದರು. ಉತ್ತರಹಳ್ಳಿ ಆ ರೇಖೆಗೆ ಸುಮಾರು ಐದು ಡಿಗ್ರಿಗಳಷ್ಟು ಪಶ್ಚಿಮದಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಇಲ್ಲಿ ಸೂರ್ಯನು ನೆತ್ತಿಯ ರೇಖೆಯನ್ನು ದಾಟುವುದು ಸರಾಸರಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಅಂದರೆ ನಮ್ಮ ಕೈಗಡಿಯಾರ ತೋರಿಸುವುದು ಉತ್ತರಹಳ್ಳಿಯ ಆಕಾಶದ ವೇಳೆಯನ್ನಲ್ಲ, ದೇಶವೆಲ್ಲ ಒಪ್ಪಿಕೊಂಡ ವೇಳೆಯನ್ನು. ಈ ಒಪ್ಪಿಗೆಯೂ ಒಮ್ಮೆಲೆ ಆದದ್ದಲ್ಲ. ಕಲ್ಕತ್ತೆ ೧೯೪೮ರವರೆಗೂ, ಮುಂಬಯಿ ೧೯೫೫ರವರೆಗೂ ತಮ್ಮ ತಮ್ಮ ವೇಳೆಯನ್ನು ಬಿಟ್ಟುಕೊಡಲಿಲ್ಲ.

ಫ್ಯಾಟ್ ಕ್ರಮದ ಪೆನ್‌ಡ್ರೈವು ಗೋಡೆಯ ಗಡಿಯಾರದ ವೇಳೆಯನ್ನೇ ಬರೆದಿಟ್ಟುಕೊಳ್ಳುವುದು. ಅದು ಯಾವ ಊರಿನ ವೇಳೆಯೆಂಬುದನ್ನು ಬರೆಯದು. ಎನ್‌ಟಿಎಫ್‌ಎಸ್ ಮತ್ತು ಯುನಿಕ್ಸ್ ಕ್ರಮಗಳು ಲೋಕಕ್ಕೆಲ್ಲ ಒಂದೇ ಆದ ವಿಶ್ವವೇಳೆಯಲ್ಲಿ ಬರೆದು, ತೋರಿಸುವಾಗ ಮಾತ್ರ ಸ್ಥಳೀಯ ವೇಳೆಗೆ ಪರಿವರ್ತಿಸುವುವು. ನಮ್ಮ ವೇಳೆ ವಿಶ್ವವೇಳೆಗಿಂತ ಐದೂವರೆ ಗಂಟೆ ಮುಂದು. ಉತ್ತರಹಳ್ಳಿಯ ಒಬ್ಬ ತಾಯಿ ಜನವರಿ ತಿಂಗಳ ಒಂದು ರಾತ್ರಿ ಎಂಟು ಗಂಟೆಗೆ ಒಂದು ಕಡತವನ್ನು ಮುಗಿಸಿ, ಅದನ್ನು ಕ್ಯಾಲಿಫೋರ್ನಿಯಾದಲ್ಲಿರುವ ಮಗನಿಗೆ ಅಂತರಜಾಲದ ಮೂಲಕ ಹೊಂದಿಸಿ ಕಳುಹಿಸಿದಳೆಂದೂ, ಅದನ್ನೇ ಪೆನ್‌ಡ್ರೈವಿನಲ್ಲಿಯೂ ಕೊಟ್ಟು ಕಳುಹಿಸಿದಳೆಂದೂ ಭಾವಿಸೋಣ. ಮೂಲದ ಮುದ್ರೆಯನ್ನು ಉಳಿಸಿಕೊಂಡು ಹೋದ ಮೊದಲನೆಯ ಪ್ರತಿ ಅಲ್ಲಿ ಬೆಳಗಿನ ಆರೂವರೆಯ ಮುದ್ರೆಯನ್ನು ತೋರಿಸುವುದು, ಅದು ಸರಿ. ಪೆನ್‌ಡ್ರೈವಿನ ಪ್ರತಿ ರಾತ್ರಿ ಎಂಟೆಂದೇ ತೋರಿಸುವುದು. ಒಂದೇ ಕಡತಕ್ಕೆ ಹದಿಮೂರೂವರೆ ಗಂಟೆಯ ಅಂತರವುಳ್ಳ ಎರಡು ಮುದ್ರೆಗಳಾದುವು. ಬೇಸಗೆಯಲ್ಲಿ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುವುದು.

ಪರದೇಶಕ್ಕೆ ಹೋಗದೆಯೂ ಈ ತೊಡಕು ಬರಬಹುದು. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡಿರುವವರುಂಟು. ಯಂತ್ರದೊಳಗಿನ ಗಡಿಯಾರದಲ್ಲಿ ಸ್ಥಳೀಯ ವೇಳೆಯಿದೆಯೆಂದು ವಿಂಡೋಸ್ ನಂಬುವುದು. ವಿಶ್ವವೇಳೆಯಿದೆಯೆಂದು ಲಿನಕ್ಸ್ ಸಾಮಾನ್ಯವಾಗಿ ನಂಬುವುದು. ಇವೆರಡಕ್ಕೂ ಹೊಂದಿಕೆ ಮಾಡಿಸದಿದ್ದರೆ ಬೆಳಗ್ಗೆ ಹತ್ತು ಗಂಟೆಗೆ ಲಿನಕ್ಸ್‌ನಲ್ಲಿ ಉಳಿಸಿದ ಕಡತಕ್ಕೆ ಮಧ್ಯಾಹ್ನ ಮೂರೂವರೆಯ ಮುದ್ರೆ ಬೀಳುವುದು. ಅದೇ ಕಡತದ ಇನ್ನೊಂದು ಪ್ರತಿಯನ್ನು ವಿಂಡೋಸ್‌ನಲ್ಲಿ ಹನ್ನೆರಡು ಗಂಟೆಗೆ ತಿದ್ದಿದರೆ, ನಿಜವಾಗಿ ಹೊಸದಾದ ಆ ಪ್ರತಿ ಹಳೆಯದೆನಿಸಿಕೊಂಡು ಸೋಲುವುದು. ಆದ್ದರಿಂದ ಎರಡು ಮುದ್ರೆಗಳ ನಡುವಣ ಅಂತರ ಸರಿಯಾಗಿ ಒಂದು ಗಂಟೆ, ಐದೂವರೆ ಗಂಟೆ, ಹದಿಮೂರೂವರೆ ಗಂಟೆ ಹೀಗೆ ಕಂಡುಬಂದರೆ, ಮೊದಲು ಗಡಿಯಾರದ ಮೇಲೆ ಸಂಶಯಪಡುವುದು ಜಾಣತನ. ಮನುಷ್ಯರು ತಿದ್ದುವಾಗ ಅಷ್ಟು ಕರಾರುವಾಕ್ಕಾದ ಅಂತರಗಳು ಬೀಳುವುದು ಅಪರೂಪ.

ಸರಿಯಾದ ಗಡಿಯಾರವೂ ಸಾಲದು

ಹಾಗಾದರೆ ಎಲ್ಲ ಗಡಿಯಾರಗಳನ್ನೂ ಸರಿಪಡಿಸಿಬಿಟ್ಟರೆ ಸಮಸ್ಯೆ ತೀರಿತಲ್ಲವೆ? ಅದಕ್ಕೆ ಬೇಕಾದ ಸಾಧನಗಳು ಇಂದು ಇವೆ. ದೆಹಲಿಯಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯ ಪರಮಾಣು ಗಡಿಯಾರಗಳಿಂದ ಭಾರತದ ಪ್ರಮಾಣವೇಳೆಯನ್ನು ಕಾಯ್ದುಕೊಂಡು ಬರುತ್ತಿದೆ. ಸೀಸಿಯಮ್ ಪರಮಾಣುವಿನ ೯,೧೯,೨೬,೩೧,೭೭೦ ಸ್ಪಂದನಗಳಿಗೆ ಒಂದು ಸೆಕೆಂಡೆಂದು ೧೯೬೭ರಲ್ಲಿ ಗೊತ್ತಾಯಿತು. ಉತ್ತರಹಳ್ಳಿಯ ಪಶ್ಚಿಮಕ್ಕಿರುವ ಬ್ಯಾಲಾಳುವಿನಲ್ಲಿ ಭಾರತೀಯ ಬಾಹ್ಯಾಕಾಶ ಸಂಸ್ಥೆ ತನ್ನ ನಾವಿಕ್ ಉಪಗ್ರಹಗಳಿಗಾಗಿ ಇಂಥದೇ ಗಡಿಯಾರಗಳನ್ನು ಇರಿಸಿದೆ. ಜಾಲದ ಮೂಲಕ ಯಂತ್ರಗಳು ತಮ್ಮ ವೇಳೆಯನ್ನು ತಾವೇ ಸರಿಪಡಿಸಿಕೊಳ್ಳುವ ಒಂದು ವಿಧಾನವನ್ನು ಅಮೆರಿಕದ ಡೇವಿಡ್ ಮಿಲ್ಸ್ ೧೯೮೫ರಲ್ಲಿ ಪ್ರಕಟಿಸಿದರು. ಮನೆಯ ಗಣಕಯಂತ್ರಗಳೂ ಅದನ್ನು ಬಳಸುತ್ತಿವೆ.

ಆದರೆ ವಾಚಕರು ಸಂಘದ ಲೆಕ್ಕವನ್ನು ಮತ್ತೊಮ್ಮೆ ನೆನೆಯಬೇಕು. ಅಲ್ಲಿ ಗಡಿಯಾರಗಳು ತಪ್ಪಿದ್ದುವೆಂದು ನಾವು ಹೇಳಲಿಲ್ಲ. ಸೋಮವಾರವು ಮಂಗಳವಾರಕ್ಕಿಂತ ಮೊದಲೆಂಬುದು ನಿರ್ವಿವಾದ. ಆದರೂ ಹಣ ಕಳೆದುಹೋಯಿತು. ಏಕೆಂದರೆ ಮಂಗಳವಾರದ ಪ್ರತಿ ಸೋಮವಾರದ ಪ್ರತಿಯನ್ನು ನೋಡಿ ತಿದ್ದಿದುದಲ್ಲ. ಅದು ಕಾಲದಲ್ಲಿ ಅನಂತರದ್ದಾದರೂ ತಿಳಿವಿನಲ್ಲಿ ಅನಂತರದ್ದಲ್ಲ. ಕಾಲಮುದ್ರೆಯ ಮೂಲಭೂತವಾದ ಕೊರತೆ ಇಲ್ಲಿದೆ: ಯಾವ ಪ್ರತಿ ಯಾವುದನ್ನು ಕಂಡಿತ್ತು ಎಂಬುದನ್ನು ಅದು ತಿಳಿಸಲಾರದು.

ಈ ಸೂಕ್ಷ್ಮವನ್ನು ಸ್ಪಷ್ಟವಾದ ಗಣಿತದ ರೂಪದಲ್ಲಿ ಇಟ್ಟವರು ಲೆಸ್ಲಿ ಲ್ಯಾಂಪೋರ್ಟ್. ದೂರದೂರದಲ್ಲಿರುವ ಯಂತ್ರಗಳ ಘಟನೆಗಳಲ್ಲಿ ಒಂದರ ಸುದ್ದಿ ಇನ್ನೊಂದಕ್ಕೆ ತಲುಪಲು ಸಾಧ್ಯವಿದ್ದರೆ ಮಾತ್ರ ಮೊದಲನೆಯದು ‘ಹಿಂದಿನದು’ ಎನಿಸಿಕೊಳ್ಳುವುದೆಂದೂ, ಯಾವುದರ ಸುದ್ದಿಯೂ ಯಾವುದಕ್ಕೂ ತಲುಪದಿದ್ದರೆ ಅವುಗಳಲ್ಲಿ ಹಿಂದುಮುಂದು ಇಲ್ಲವೆಂದೂ ಅವರು ೧೯೭೮ರಲ್ಲಿ ತೋರಿಸಿಕೊಟ್ಟರು. ೧೯೮೩ರಲ್ಲಿ ಪಾರ್ಕರ್ ಮತ್ತು ಅವರ ಸಂಗಡಿಗರು ಇದೇ ದಾರಿಯಲ್ಲಿ ನಡೆದು, ಕಡತಗಳಿಗೆ ಗಡಿಯಾರದ ಬದಲು ಎಣಿಕೆಯನ್ನು ಜೋಡಿಸುವ ಉಪಾಯವನ್ನು ಪ್ರಕಟಿಸಿದರು. ಅದು ಹೀಗೆ. ಪ್ರತಿಯೊಂದು ಕಡತದ ಜೊತೆಯಲ್ಲಿಯೂ ಎರಡು ಸಂಖ್ಯೆಗಳಿರಲಿ: ಕಾರ್ಯದರ್ಶಿಯ ಡಿಸ್ಕಿನಲ್ಲಿ ನಡೆದ ತಿದ್ದುಪಡಿಗಳೆಷ್ಟು, ಖಜಾಂಚಿಯ ಡಿಸ್ಕಿನಲ್ಲಿ ನಡೆದ ತಿದ್ದುಪಡಿಗಳೆಷ್ಟು. ಹಿಂದಿನ ಭಾನುವಾರ ಹೊಂದಿಸಿದಾಗ ಎರಡೂ ಕಡೆ ೪ ಮತ್ತು ೩ ಎಂದಿತ್ತು. ಸೋಮವಾರದ ಬರವಣಿಗೆಯಿಂದ ಕಾರ್ಯದರ್ಶಿಯ ಪ್ರತಿ ೫ ಮತ್ತು ೩ ಆಯಿತು. ಮಂಗಳವಾರದ ಬರವಣಿಗೆಯಿಂದ ಖಜಾಂಚಿಯ ಪ್ರತಿ ೪ ಮತ್ತು ೪ ಆಯಿತು. ಈಗ ಹೋಲಿಸಿ ನೋಡಿದರೆ ಮೊದಲನೆಯ ಸಂಖ್ಯೆಯಲ್ಲಿ ಕಾರ್ಯದರ್ಶಿಯದು ಹೆಚ್ಚು, ಎರಡನೆಯದರಲ್ಲಿ ಖಜಾಂಚಿಯದು ಹೆಚ್ಚು. ಎರಡರಲ್ಲಿಯೂ ಹೆಚ್ಚಾದ ಅಥವಾ ಸಮವಾದ ಪ್ರತಿ ಯಾವುದೂ ಇಲ್ಲ. ಆದ್ದರಿಂದ ಇಲ್ಲಿ ನಿಜವಾದ ವಿರೋಧವಿದೆ. ಯಾವುದನ್ನೂ ಯಾವುದರ ಮೇಲೂ ಬರೆಯಕೂಡದು. ಖಜಾಂಚಿಯವರು ಏನನ್ನೂ ಬರೆಯದಿದ್ದ ಪಕ್ಷದಲ್ಲಿ ಅವರ ಪ್ರತಿ ೪ ಮತ್ತು ೩ ಆಗಿಯೇ ಉಳಿದು, ೫ ಮತ್ತು ೩ ಆದ ಪ್ರತಿ ಅದನ್ನು ನಿರಾತಂಕವಾಗಿ ತುಂಬಬಹುದಾಗಿತ್ತು. ಈ ನಿರ್ಣಯದಲ್ಲಿ ಗಡಿಯಾರದ ಮಾತೇ ಬರಲಿಲ್ಲವೆಂಬುದನ್ನು ಗಮನಿಸಬೇಕು.

ಹಿಂದಿನ ಒಪ್ಪಂದದ ನೆನಪು

ಇದೇ ತತ್ತ್ವವನ್ನು ಮನೆಬಳಕೆಗೆ ಅನ್ವಯಿಸುವ ಸರಳವಾದ ಮಾರ್ಗವೊಂದುಂಟು. ಎರಡು ಡಿಸ್ಕುಗಳು ಕಡೆಯ ಸಲ ಒಂದಕ್ಕೊಂದು ಸಮವಾಗಿದ್ದಾಗ ಪ್ರತಿಯೊಂದು ಕಡತದ ಸ್ಥಿತಿ ಹೇಗಿತ್ತೆಂಬುದನ್ನು ಪ್ರೋಗ್ರಾಮು ಬರೆದಿಟ್ಟುಕೊಳ್ಳುವುದು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಬೆಂಜಮಿನ್ ಪಿಯರ್ಸ್ ಮತ್ತು ಸಂಗಡಿಗರು ರಚಿಸಿದ ಯುನಿಸನ್ ಎಂಬ ಪ್ರೋಗ್ರಾಮು ಈ ಮಾರ್ಗವನ್ನು ಹಿಡಿದಿದೆ. ಮುಂದಿನ ಸಲ ಹೊಂದಿಸುವಾಗ ಅದು ಎರಡು ಪ್ರತಿಗಳನ್ನು ಒಂದರೊಡನೊಂದು ಹೋಲಿಸುವ ಮೊದಲು, ಪ್ರತಿಯೊಂದನ್ನೂ ಆ ನೆನಪಿನೊಡನೆ ಹೋಲಿಸುವುದು. ಆಗ ಸಾಧ್ಯವಿರುವುದು ನಾಲ್ಕೇ ಸ್ಥಿತಿಗಳು. ಎರಡೂ ಬದಲಾಗಿಲ್ಲ: ಮಾಡಬೇಕಾದುದೇನೂ ಇಲ್ಲ. ಮೊದಲನೆಯದು ಮಾತ್ರ ಬದಲಾಗಿದೆ: ಅದನ್ನು ಎರಡನೆಯ ಡಿಸ್ಕಿಗೆ ಒಯ್ಯಬೇಕು. ಎರಡನೆಯದು ಮಾತ್ರ ಬದಲಾಗಿದೆ: ಅದನ್ನು ಮೊದಲನೆಯದಕ್ಕೆ ತರಬೇಕು. ಎರಡೂ ಬದಲಾಗಿವೆ: ನಿಲ್ಲಬೇಕು, ಒಡೆಯನನ್ನು ಕೇಳಬೇಕು.

ಅಳಿಸಿದ ಕಡತಗಳ ವಿಷಯದಲ್ಲಿ ಈ ನೆನಪಿನ ಬೆಲೆ ಇನ್ನೂ ಚೆನ್ನಾಗಿ ಕಾಣುವುದು. ಒಂದು ಕಡತ ಮೊದಲ ಡಿಸ್ಕಿನಲ್ಲಿದೆ, ಎರಡನೆಯದರಲ್ಲಿ ಇಲ್ಲ. ಅದು ಮೊದಲನೆಯದರಲ್ಲಿ ಹೊಸದಾಗಿ ಹುಟ್ಟಿತೆ, ಎರಡನೆಯದರಲ್ಲಿ ಬೇಡವೆಂದು ಅಳಿಸಲ್ಪಟ್ಟಿತೆ? ಇಲ್ಲದ ಕಡತಕ್ಕೆ ಕಾಲಮುದ್ರೆಯೂ ಇಲ್ಲ. ಹಿಂದಿನ ಸಲ ಅದು ಎರಡೂ ಕಡೆ ಇತ್ತೆಂದು ನೆನಪು ಹೇಳಿದರೆ ಅಳಿಸಲ್ಪಟ್ಟಿತೆಂದೂ, ಎಲ್ಲಿಯೂ ಇರಲಿಲ್ಲವೆಂದರೆ ಹೊಸದೆಂದೂ ತೀರ್ಮಾನವಾಗುವುದು. ನೆನಪಿಲ್ಲದ ಪ್ರೋಗ್ರಾಮು ಬೇಡದ್ದನ್ನು ಮತ್ತೆ ಮತ್ತೆ ತಂದು ತುಂಬುವುದು, ಇಲ್ಲವೆ ಬೇಕಾದುದನ್ನು ಅಳಿಸುವುದು.

ಕಡತ ಬದಲಾಗಿದೆಯೆ ಇಲ್ಲವೆ ಎಂಬುದನ್ನು ನಿಶ್ಚಯಿಸಲು ಕಾಲಮುದ್ರೆಗಿಂತ ಬಲವಾದ ಸಾಕ್ಷಿ ಕಡತದ ‘ಬೆರಳಚ್ಚು’. ಕಡತದ ಎಲ್ಲ ಅಕ್ಷರಗಳನ್ನೂ ಒಂದು ನಿಯತವಾದ ಗಣಿತಕ್ರಿಯೆಗೆ ಒಳಪಡಿಸಿ ೨೫೬ ಬಿಟ್‌ಗಳ ಒಂದು ಸಂಖ್ಯೆಯನ್ನು ಪಡೆಯುವ ವಿಧಾನ ಇಂದು ಬಹಳ ಬಳಕೆಯಲ್ಲಿದೆ. ಒಂದೇ ಒಂದು ಅಂಕೆ ಬದಲಾದರೂ ಬೆರಳಚ್ಚು ಗುರುತು ಸಿಕ್ಕದಂತೆ ಬದಲಾಗುವುದು. ಎರಡು ಪ್ರತಿಗಳ ಬೆರಳಚ್ಚು ಒಂದೇ ಆಗಿದ್ದರೆ ಅವುಗಳ ಮುದ್ರೆಗಳಲ್ಲಿ ಎಷ್ಟೇ ಅಂತರವಿದ್ದರೂ ಜಗಳವಿಲ್ಲ. ಮುದ್ರೆಯನ್ನು ಸರಿಪಡಿಸಿದರೆ ಸಾಕು. ಎರಡು ಸೆಕೆಂಡಿನ, ಐದೂವರೆ ಗಂಟೆಯ ಬಹುಪಾಲು ತಂಟೆಗಳು ಇಲ್ಲಿಯೇ ಬಗೆಹರಿಯುವುವು.

ನಿಜವಾದ ವಿರೋಧ

ಎರಡೂ ಕಡೆ ನಿಜವಾಗಿ ತಿದ್ದುಪಡಿಯಾಗಿದ್ದಾಗ ಏನು ಮಾಡತಕ್ಕದ್ದು? ಮೊದಲ ನಿಯಮ, ಎರಡನ್ನೂ ಉಳಿಸುವುದು. ಒಂದರ ಹೆಸರಿಗೆ ಡಿಸ್ಕಿನ ಹೆಸರನ್ನೂ ದಿನವನ್ನೂ ಸೇರಿಸಿ ಪಕ್ಕದಲ್ಲಿಡಬೇಕು. ಈ ವಿವೇಕ ನಮ್ಮ ವಿದ್ವಾಂಸರಿಗೆ ಹೊಸದಲ್ಲ. ಓಲೆಗರಿಗಳಿಂದ ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು, ಹೊಸದಾಗಿ ಪ್ರತಿಮಾಡಿದ ಗರಿಯೇ ಹೆಚ್ಚು ಶುದ್ಧವೆಂದು ಎಂದೂ ಭಾವಿಸಲಿಲ್ಲ. ಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿ, ಉಚಿತವಾದುದನ್ನು ಮೇಲಿಟ್ಟು, ಉಳಿದುದನ್ನು ಪಾಠಾಂತರವೆಂದು ಪುಟದ ಕೆಳಗೆ ಕೊಟ್ಟರು. ತಳ್ಳಿದ ಪಾಠವೂ ಓದುಗನಿಗೆ ದೊರೆಯಬೇಕೆಂಬುದು ಅವರ ನಿಷ್ಠೆ.

ಎರಡನೆಯದು, ಮೂರು ಪ್ರತಿಗಳನ್ನು ಎದುರಿಟ್ಟುಕೊಂಡು ಕೂಡಿಸುವು­ದು. ಹಿಂದಿನ ಭಾನುವಾರದ ಸಮಾನ ಪ್ರತಿ ಕೈಯಲ್ಲಿದ್ದರೆ, ಕಾರ್ಯದರ್ಶಿಯವರು ನಾಲ್ಕು ಸಾಲುಗಳನ್ನು ಸೇರಿಸಿದ್ದಾರೆ, ಖಜಾಂಚಿಯವರು ಬೇರೆಡೆಯಲ್ಲಿ ಎರಡು ಸಾಲುಗಳನ್ನು ಸೇರಿಸಿದ್ದಾರೆ ಎಂಬುದು ತಾನಾಗಿ ಗೊತ್ತಾಗುವುದು. ಆರನ್ನೂ ಇಟ್ಟುಕೊಂಡರೆ ಲೆಕ್ಕ ಸರಿಹೋಯಿತು. ಸಾಲುಸಾಲಾಗಿ ಹೋಲಿಸುವ ಪ್ರೋಗ್ರಾಮುಗಳು ೧೯೭೦ರ ದಶಕದಲ್ಲಿಯೇ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದುವು. ಆದರೆ ಇವು ಕೆಲಸಮಾಡುವುದು ಸರಳವಾದ ಸಾಲುಗಳ ರೂಪದಲ್ಲಿರುವ ಬರವಣಿಗೆಯ ಮೇಲೆ; ಭಾವಚಿತ್ರಗಳನ್ನು ಹೀಗೆ ಕೂಡಿಸಲು ಬಾರದು. ಒಂದೇ ಸಾಲನ್ನು ಒಬ್ಬರು ಐನೂರೆಂದೂ ಇನ್ನೊಬ್ಬರು ಆರುನೂರೆಂದೂ ತಿದ್ದಿದ್ದರೆ ಯಾವ ಪ್ರೋಗ್ರಾಮೂ ತೀರ್ಪು ಕೊಡಲಾರದು. ಅಲ್ಲಿ ಬೇಕಾದುದು ರಸೀತಿ ಪುಸ್ತಕ.

ಪಹಣಿಯ ಉದಾಹರಣೆ

ಎರಡು ಪ್ರತಿಗಳ ಸಮಸ್ಯೆಯನ್ನು ಕರ್ನಾಟಕ ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಿದೆ. ಜಮೀನಿನ ಹಕ್ಕು, ಗೇಣಿ, ಬೆಳೆಗಳ ವಿವರವುಳ್ಳ ಪಹಣಿಯನ್ನು ಗ್ರಾಮಲೆಕ್ಕಿಗರು ಕೈಯಿಂದ ಬರೆದು ಇಟ್ಟುಕೊಳ್ಳುತ್ತಿದ್ದರು. ‘ಭೂಮಿ’ ಎಂಬ ಯೋಜನೆಯಲ್ಲಿ, ೨೦೦೦ದ ಸುಮಾರಿಗೆ, ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ತಾಲ್ಲೂಕು ಕಚೇರಿಗಳ ಗಣಕಯಂತ್ರಗಳನ್ನು ಸೇರಿದುವು. ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಯ ಜಮೀನುಗಳೂ ಅವುಗಳಲ್ಲಿ ಸೇರಿವೆ. ಈಗ ಒಂದೇ ಜಮೀನಿಗೆ ಎರಡು ದಾಖಲೆಗಳಾದುವು: ಲೆಕ್ಕಿಗರ ಪುಸ್ತಕದಲ್ಲೊಂದು, ಯಂತ್ರದಲ್ಲೊಂದು. ಎರಡನ್ನೂ ತಿದ್ದಲು ಬಿಟ್ಟಿದ್ದರೆ ಯಾವುದನ್ನು ನಂಬಬೇಕೆಂದು ನ್ಯಾಯಾಲಯಗಳೇ ಹೇಳಬೇಕಾಗುತ್ತಿತ್ತು. ಸರ್ಕಾರ ಹಿಡಿದ ದಾರಿ ಬೇರೆ. ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿ, ತಿದ್ದಬಹುದಾದ ಪ್ರತಿಯನ್ನು ಒಂದೇ ಒಂದಾಗಿ ಮಾಡಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂದೂ, ತಿದ್ದುವ ಅಧಿಕಾರಿ ಬೆರಳಿನ ಗುರುತುಕೊಟ್ಟೇ ಯಂತ್ರವನ್ನು ಪ್ರವೇಶಿಸಬೇಕೆಂದೂ ಏರ್ಪಾಡಾಯಿತು. ಬದಲಾವಣೆಗೆ ಮುಂಚೆ ನೋಟೀಸು ಹೊರಡಿಸಿ ಆಕ್ಷೇಪಣೆಗೆ ಅವಕಾಶ ಕೊಡುವ ಹಳೆಯ ಪದ್ಧತಿಯೂ ಉಳಿಯಿತು.

ಇಲ್ಲಿ ಕಲಿಯಬೇಕಾದುದುಂಟು. ವೇಳೆಯನ್ನು ನೋಡಿ ಜಗಳ ತೀರಿಸುವುದಕ್ಕಿಂತ, ಜಗಳ ಹುಟ್ಟದಂತೆ ಒಂದೇ ಕಡೆ ಬರೆಯುವುದು ಮೇಲು. ಅದು ಸಾಧ್ಯವಿಲ್ಲದೆಡೆ ಸರದಿ ಬೇಕು, ಬರೆದವರ ಗುರುತು ಬೇಕು, ಬದಲಾವಣೆ ಗಟ್ಟಿಯಾಗುವ ಮೊದಲು ಕೇಳಿಸಿಕೊಳ್ಳುವ ವ್ಯವಧಾನವೂ ಬೇಕು.

ಮನೆಯಲ್ಲಿ ಅನುಸರಿಸತಕ್ಕ ಕ್ರಮ

೧. ಎರಡು ಯಂತ್ರಗಳ ವೇಳೆ, ತಾರೀಖು, ವೇಳಾವಲಯಗಳನ್ನು ಮೊದಲು ಸರಿನೋಡಬೇಕು. ತಾರೀಖು ಪದೇಪದೇ ಹಿಂದಕ್ಕೆ ಜಾರಿದರೆ ಬ್ಯಾಟರಿಯನ್ನು ಬದಲಿಸಬೇಕು.

೨. ಪೆನ್‌ಡ್ರೈವಿನೊಡನೆ ಹೊಂದಿಸುವಾಗ ಎರಡು ಸೆಕೆಂಡಿನ ವಿನಾಯಿತಿ ಕೊಡಬೇಕು.

೩. ಮುದ್ರೆಗಳು ಬೇರೆಯಾಗಿದ್ದರೆ ಬೆರಳಚ್ಚನ್ನು ಹೋಲಿಸಬೇಕು. ಅದು ಒಂದೇ ಆಗಿದ್ದರೆ ವಿಷಯ ಮುಗಿಯಿತು.

೪. ಎರಡೂ ಡಿಸ್ಕುಗಳಲ್ಲಿ ಬರೆಯುವುದಾದರೆ ಹಿಂದಿನ ಸ್ಥಿತಿಯನ್ನು ನೆನಪಿಡುವ ಪ್ರೋಗ್ರಾಮನ್ನೇ ಬಳಸಬೇಕು. ಒಂದರಲ್ಲಿ ಮಾತ್ರ ಬರೆದು ಮತ್ತೊಂದನ್ನು ಕಾಪಿಡುವುದಾದರೆ, ಒಂದೇ ದಿಕ್ಕಿನಲ್ಲಿ ನಕಲು ಮಾಡಬೇಕು.

೫. ಮೇಲೆ ಬರೆಯುವ ಅಥವಾ ಅಳಿಸುವ ಮುನ್ನ, ಏನೇನು ಮಾಡಲಿದ್ದೀಯೆಂದು ಪಟ್ಟಿ ಕೊಡುವಂತೆ ಪ್ರೋಗ್ರಾಮಿಗೆ ಆಜ್ಞಾಪಿಸಿ, ಆ ಪಟ್ಟಿಯನ್ನು ಓದಬೇಕು.

೬. ಸೋತ ಪ್ರತಿಯನ್ನು ಒಡನೆಯೇ ನಾಶಮಾಡದೆ ಕೆಲವು ವಾರಗಳಾದರೂ ಬೇರೆ ಕಡತಕೋಶದಲ್ಲಿ ಇರಿಸಿಕೊಳ್ಳಬೇಕು.

ಈ ಆರರಲ್ಲಿ ಕಡೆಯದನ್ನು ಪಾಲಿಸಿದ್ದರೆ ನಮ್ಮ ಕಲ್ಪನೆಯ ಸಂಘದಲ್ಲಿ ನಾಲ್ಕು ಮನೆಯವರ ವಂತಿಗೆ ಅರ್ಧ ಗಂಟೆಯಲ್ಲಿ ಮತ್ತೆ ಸಿಕ್ಕುತ್ತಿತ್ತು. ನಾಲ್ಕನೆಯದನ್ನು ಪಾಲಿಸಿದ್ದರೆ ಅದು ಕಳೆದೇ ಹೋಗುತ್ತಿರಲಿಲ್ಲ.